ಗೌರವಧನ ಸಾಕು, ಸಂಬಳ ಕೊಡಿ!

(ಕೊಳ್ಳೇಗಾಲದಲ್ಲಿ ಕನ್ನಡದ ಹುಡುಗ ಹುಡುಗಿಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮೈಕು ಕೈಗೆ ಸಿಕ್ಕ ಕೂಡಲೇ ತಾಯಿ ಭುವನೇಶ್ವರಿಯ ಮೇಲೆ ಅರ್ಧ ಗಂಟೆ ಕೂಗಾಡಿ, ಹಾರ ಹಾಕಿಸಿಕೊಂಡು, ಫೋಟೋ ಹೊಡೆಸಿಕೊಂಡು ಕಾರು ಹತ್ತುವ ಭಾಷಣಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ನಾನೂ ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಇವತ್ತು ಅದು ಬೇಡ. ಇವತ್ತು ಎರಡು ಪದಗಳ ಜಗಳವನ್ನಷ್ಟೇ ನಿಮ್ಮ ಮುಂದೆ ಇಡುತ್ತೇನೆ. ಒಂದು ‘ಸಂಬಳ’, ಇನ್ನೊಂದು ‘ಗೌರವಧನ’. ನಮ್ಮದು ನುಡಿಯ ಚಳವಳಿ ತಾನೇ? ಹಾಗಾದರೆ ಪದಗಳ ಜಗಳವೂ ನಮ್ಮದೇ.

ನಾಳೆ ಬೆಳಿಗ್ಗೆ ಆರು ಗಂಟೆಗೆ ಎದ್ದು ಇದೇ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲಿ. ಹನೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಹೆಗಲಿಗೊಂದು ಚೀಲ, ಕೈಯಲ್ಲೊಂದು ರಿಜಿಸ್ಟರು ಹಿಡಿದ ಹೆಣ್ಣುಮಗಳು ಕಾಣುತ್ತಾಳೆ. ಆಕೆ ಆಶಾ. ಮಳವಳ್ಳಿ, ಕನಕಪುರದ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಜಿಪ್ಪು ಕಿತ್ತುಹೋದ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತ ಇನ್ನೊಬ್ಬಳು ಕಾಣುತ್ತಾಳೆ. ಆಕೆ ಯಾರದೋ ಮನೆಯಲ್ಲಿ, ಹಾಸಿಗೆ ಹಿಡಿದ ಯಾರದೋ ತಾಯಿಯನ್ನು ನೋಡಿಕೊಳ್ಳಲು ಹೊರಟವಳು. ಏಜೆನ್ಸಿಯವರು ಆಕೆಯನ್ನು ‘ಹೋಂ ನರ್ಸ್’ ಎನ್ನುತ್ತಾರೆ. ಮನೆಯವರು ‘ಕೆಲಸದವಳು’ ಎನ್ನುತ್ತಾರೆ. ಕಾಗದದಲ್ಲಿ ಏನೆಂದಿದೆಯೋ ಆಕೆಗೇ ಗೊತ್ತಿಲ್ಲ, ಯಾಕೆಂದರೆ ಕಾಗದ ಇಂಗ್ಲಿಷಿನಲ್ಲಿದೆ.

ಇಬ್ಬರ ಕಸುಬೂ ಒಂದೇ: ಇನ್ನೊಬ್ಬರ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗಿ ಆರೈಕೆ ಮಾಡುವುದು. ಒಬ್ಬಳಿಗೆ ದುಡ್ಡು ಕೊಡಬೇಕಾದದ್ದು ಸರ್ಕಾರ. ಇನ್ನೊಬ್ಬಳಿಗೆ ಕೊಡಬೇಕಾದವರು ನಾವು, ನೀವು. ಇಬ್ಬರಿಗೂ ಮೋಸವಾಗುತ್ತಿದೆ. ಮೊದಲು ಸರ್ಕಾರದ ಲೆಕ್ಕ ನೋಡೋಣ, ನಮ್ಮ ಮುಖಕ್ಕೆ ಕನ್ನಡಿ ಹಿಡಿಯುವುದು ಆಮೇಲೆ.

ಆಶಾ ಎಂದರೆ ಯಾರೋ ಹುಡುಗಿಯ ಹೆಸರಲ್ಲ. ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರ ಜೋಡಿಸಿ, ನಮ್ಮ ಹೆಣ್ಣಿನ ಹೆಸರಿನಂತೆ ಕಾಣುವ ಹಾಗೆ 2005ರಲ್ಲಿ ದೆಹಲಿಯಲ್ಲಿ ಕಟ್ಟಿದ ಹೆಸರು. ಕನ್ನಡದಲ್ಲಿ ‘ಆಶಾ ಕಾರ್ಯಕರ್ತೆ’ ಎಂದೆವು. ಇಲ್ಲೇ ಇದೆ ಕುತಂತ್ರ! ಕಾರ್ಮಿಕ ಎಂದರೆ ಕಾನೂನು ಬರುತ್ತದೆ: ಕನಿಷ್ಠ ವೇತನ, ಪಿಎಫ್, ರಜೆ. ಕಾರ್ಯಕರ್ತೆ ಎಂದರೆ ಹಾರ ಬರುತ್ತದೆ. ಪಕ್ಷಕ್ಕೆ ಕಾರ್ಯಕರ್ತರಿದ್ದಾರೆ, ಅವರಿಗೆ ಸಂಬಳವುಂಟೇ? ಹಾಗೇ ಇವಳಿಗೂ ಇಲ್ಲ. ಇವಳು ‘ಸ್ವಯಂಸೇವಕಿ’. ರಾಜ್ಯ ಕೊಡುವುದು ‘ಗೌರವಧನ’. ಕೇಂದ್ರ ಕೊಡುವುದು ‘ಪ್ರೋತ್ಸಾಹಧನ’. ಗೌರವ, ಪ್ರೋತ್ಸಾಹ, ಸೇವೆ, ತ್ಯಾಗ... ನಿಘಂಟಿನಲ್ಲಿರುವ ಒಳ್ಳೊಳ್ಳೆಯ ಪದಗಳೆಲ್ಲ ಇವಳಿಗೇ ಮೀಸಲು. ಸಂಬಳ ಎನ್ನುವ ಒಂದು ಪದ ಮಾತ್ರ ಇಲ್ಲ. ದಿನಸಿ ಅಂಗಡಿಗೆ ಹೋಗಿ ಒಂದು ಹಿಡಿ ಗೌರವ ಕೊಟ್ಟು ಎರಡು ಸೇರು ಅಕ್ಕಿ ತಂದವರು ಯಾರಾದರೂ ಇದ್ದೀರಾ?

ಕೂಸು ಹುಟ್ಟಿದ ಮನೆಗೆ ಆಶಾ ಹೋಗುತ್ತಾಳಲ್ಲ, ಅದರ ಲೆಕ್ಕ ಕೇಳಿ. 2011ರಲ್ಲಿ ಕೇಂದ್ರ ಒಂದು ಕಾರ್ಯಕ್ರಮ ತಂದಿತು, ಹಸುಗೂಸಿನ ಮನೆ ಆರೈಕೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮೂರನೆಯ, ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ, ಇಪ್ಪತ್ತೆಂಟನೆಯ ಮತ್ತು ನಲವತ್ತೆರಡನೆಯ ದಿನ ಆಕೆ ಆ ಮನೆಗೆ ಹೋಗಬೇಕು. ಕೂಸಿನ ತೂಕ ನೋಡಬೇಕು, ಮೈ ಬಿಸಿ ನೋಡಬೇಕು, ಹೊಕ್ಕುಳು ಕೀವಾಗಿದೆಯೇ, ಹಾಲು ಕುಡಿಯುತ್ತಿದೆಯೇ, ತಾಯಿಗೆ ರಕ್ತ ಹೋಗುತ್ತಿದೆಯೇ, ಎಲ್ಲ ನೋಡಬೇಕು. ಆರು ಭೇಟಿಗೆ ಒಟ್ಟು 250 ರೂಪಾಯಿ. ಭಾಗಿಸಿ ನೋಡಿ: ಒಂದು ಭೇಟಿಗೆ 41 ರೂಪಾಯಿ ಚಿಲ್ಲರೆ. ಆ ದುಡ್ಡೂ ಆರು ವಾರ ಕಳೆದ ಮೇಲೆ. ಅದಕ್ಕೆ ಮಾರ್ಗಸೂಚಿಯಲ್ಲಿ ಷರತ್ತುಗಳಿದ್ದವು: ತೂಕ ದಾಖಲಾಗಿರಬೇಕು, ಲಸಿಕೆ ಬಿದ್ದಿರಬೇಕು, ಜನನ ನೋಂದಣಿಯಾಗಿರಬೇಕು, ನಲವತ್ತೆರಡನೆಯ ದಿನಕ್ಕೆ ತಾಯಿ ಮಗು ಇಬ್ಬರೂ ಕ್ಷೇಮವಾಗಿರಬೇಕು.

ಈ ಕೊನೆಯ ಷರತ್ತನ್ನು ಇನ್ನೊಂದು ಸಲ ಕೇಳಿ. ಐದು ಸಲ ನಡೆದಿದ್ದಾಳೆ, ಕೂಸು ಉಳಿಯಲಿಲ್ಲ. ಆ ಮನೆಯವರ ಜೊತೆ ಅವಳೂ ಅತ್ತಿದ್ದಾಳೆ. ಕಾಗದದ ಪ್ರಕಾರ ಅವಳಿಗೆ ದುಡ್ಡಿಲ್ಲ! ಯಾವ ದೊಡ್ಡ ಡಾಕ್ಟರಿಗೆ ಈ ಷರತ್ತು ಹಾಕಿದ್ದೇವೆ ಸ್ವಾಮಿ? ಯಾವ ಐಎಎಸ್ ಅಧಿಕಾರಿಗೆ ಹಾಕಿದ್ದೇವೆ?

ಆ ನಡೆಯುವ ದಾರಿಯಾದರೂ ಎಂಥದು? ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡೊಳಗೆ ತುಳಸಿಕೆರೆ, ಇಂಡಿಗನತ್ತ, ದೊಡ್ಡಾಣೆ, ಪಡಸಲನತ್ತ ಇವೆ. ಮಾದಪ್ಪನ ಜಾತ್ರೆಗೆ ಹೋದವರಿಗೆ ಬೆಟ್ಟ ಗೊತ್ತು, ಬೆಟ್ಟದ ಆಚೆಯ ಊರು ಗೊತ್ತಿಲ್ಲ. ಕಾಯಿಲೆ ಬಿದ್ದವರನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿಯನ್ನು ವರ್ಷಕ್ಕೆ ಎರಡು ಮೂರು ಸಲ ಪೇಪರಿನಲ್ಲಿ ಓದಿ ನಾವು ‘ಛೆ’ ಎಂದು ಪುಟ ತಿರುಗಿಸುತ್ತೇವೆ. ಆನೆ ಓಡಾಡುವ ಆ ಕಾಡುದಾರಿಯಲ್ಲಿ 41 ರೂಪಾಯಿಗೆ ನಡೆಯುವವಳು ಸುದ್ದಿಯಾಗುವುದಿಲ್ಲ. ಮಾರ್ಟಳ್ಳಿಯ ಕಡೆ ತಮಿಳು ಮಾತಾಡುವ ಮನೆಗಳಿವೆ. ಅಲ್ಲಿ ಅಜ್ಜಿಗೆ ತಮಿಳಿನಲ್ಲಿ ಹೇಳಿ, ರಿಜಿಸ್ಟರಿಗೆ ಕನ್ನಡದಲ್ಲಿ ಬರೆದು, ಕೊನೆಗೆ ಇಂಗ್ಲಿಷಿನ ಪೋರ್ಟಲ್ಲಿನಲ್ಲಿ ಅದು ಏರುವುದನ್ನು ಕಾಯಬೇಕು. ಪೋರ್ಟಲ್ಲಿನಲ್ಲಿ ಏರದಿದ್ದರೆ ಮಾಡಿದ ಕೆಲಸವೂ ಮಾಡಿಲ್ಲದ ಕೆಲಸ. ಈ ಪೋರ್ಟಲ್ಲಿನ ಕೊಂಡಿ ತಪ್ಪಿಸಿ ಎಂದು ರಾಜ್ಯದ ಆಶಾಗಳು ವರ್ಷಗಟ್ಟಲೆ ಕೂಗಿದ್ದಾರೆ.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ದೊಡ್ಡವರೆಲ್ಲ ಅಭಿನಂದಿಸಿದರು. ಆದರೆ ಅವರ ಕಾಯಂ ಪ್ರೋತ್ಸಾಹಧನವನ್ನು ಕೇಂದ್ರ 2018ರಲ್ಲಿ ತಿಂಗಳಿಗೆ 2,000 ರೂಪಾಯಿಗೆ ಏರಿಸಿದ್ದು, ಮತ್ತೆ 3,500ಕ್ಕೆ ಏರಿಸುವ ತೀರ್ಮಾನವಾದದ್ದು 2025ರಲ್ಲಿ. ನಡುವೆ ಏಳು ವರ್ಷ. ನಡುವೆ ಕೊರೊನಾ. ನಾವು ಬಾಗಿಲು ಹಾಕಿಕೊಂಡು ಒಳಗೆ ಕೂತಾಗ ನಮ್ಮ ಬಾಗಿಲು ತಟ್ಟಿದವಳು ಇವಳೇ ಅಲ್ಲವೇ?

2025ರ ಜನವರಿ 7ರಂದು ರಾಜ್ಯದ ಮೂಲೆಮೂಲೆಯಿಂದ ಬಂದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ತಿಂಗಳಿಗೆ 15,000 ಕೊಡಿ ಎಂದು ಕೇಳಿದರು. ಚಳಿಯಲ್ಲಿ ರಾತ್ರಿ ಅಲ್ಲೇ ಮಲಗಿದರು. ನಾಲ್ಕನೆಯ ದಿನ ಮುಖ್ಯಮಂತ್ರಿಗಳು ಕರೆದು ಮಾತಾಡಿ, ಏಪ್ರಿಲ್‌ನಿಂದ ಎಲ್ಲ ಸೇರಿ ಕನಿಷ್ಠ 10,000 ಸಿಗುವಂತೆ ಮಾಡುತ್ತೇವೆ ಎಂದರು. ಹೆಣ್ಣುಮಕ್ಕಳು ನಂಬಿ ಊರಿಗೆ ಹೋದರು. ಆಗಸ್ಟ್‌ನಲ್ಲಿ, ಕೊಟ್ಟ ಮಾತು ಎಲ್ಲಿ ಎಂದು ಕೇಳಲು ಮತ್ತೆ ಬೀದಿಗೆ ಬಂದರು. ಕನ್ನಡ ಸಂಘಟನೆಗಳು ಬಾವುಟ ಹಿಡಿದು ಅವರ ಪಕ್ಕ ಎಷ್ಟು ಜನ ಕೂತೆವು? ನನ್ನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ. ನಾಮಫಲಕದಲ್ಲಿ ಕನ್ನಡ ಚಿಕ್ಕದಾಗಿದೆ ಎಂದರೆ ಏಣಿ ಹಾಕಿಕೊಂಡು ಹತ್ತುತ್ತೇವೆ. ಹತ್ತಬೇಕು, ತಪ್ಪಲ್ಲ. ಆದರೆ ಸಾವಿರಾರು ಕನ್ನಡತಿಯರ ಕೂಲಿ ಚಿಕ್ಕದಾಗಿದ್ದಾಗ ನಮ್ಮ ಏಣಿ ಎಲ್ಲಿತ್ತು?

ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಹಿಂದಿನ ಸಾಲಿನ ಗೆಳೆಯರೊಬ್ಬರು ನಗುತ್ತಿದ್ದಾರೆ. ನಗಿ, ಆದರೆ ಕೋರ್ಟಿನ ಕಥೆ ಕೇಳಿ ನಗಿ. ಆಶಾಗಳ ಅಕ್ಕಂದಿರು ಅಂಗನವಾಡಿಯವರು. ಅಂಗನವಾಡಿ ಕಾರ್ಯಕರ್ತೆ ಸರ್ಕಾರಿ ಹುದ್ದೆಯಲ್ಲಿರುವವಳಲ್ಲ ಎಂದು ಸುಪ್ರೀಂ ಕೋರ್ಟು 2006ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಯಾವ ರಾಜ್ಯದ್ದು ಗೊತ್ತೇ? ನಮ್ಮದೇ, ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ. ದುಡಿಯುವ ಹೆಣ್ಣಿನ ವಿರುದ್ಧ ದೆಹಲಿಯವರೆಗೆ ಹೋಗಿ ಗೆದ್ದು ಬಂದದ್ದು ನಮ್ಮ ಸರ್ಕಾರ! ವರ್ಷಗಳು ಕಳೆದವು. ಗುಜರಾತಿನ ಅಂಗನವಾಡಿ ಹೆಣ್ಣುಮಕ್ಕಳು ಗ್ರಾಚ್ಯುಟಿ ಕೇಳಿ ಅದೇ ಸುಪ್ರೀಂ ಕೋರ್ಟಿಗೆ ಹೋದರು. ಇವರಿಗೆ ಕೊಡುವುದು ವೇತನವಲ್ಲ, ಗೌರವಧನ, ಆದ್ದರಿಂದ ಗ್ರಾಚ್ಯುಟಿ ಬರುವುದಿಲ್ಲ ಎನ್ನುವ ವಾದ ಬಂತು. 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟ ಕೋರ್ಟು ಅದನ್ನು ಒಪ್ಪಲಿಲ್ಲ. ಹೆಸರು ಗೌರವಧನವೇ ಇರಲಿ, ಗ್ರಾಚ್ಯುಟಿ ಕಾಯ್ದೆಯ ಲೆಕ್ಕಕ್ಕೆ ಅದು ವೇತನವೇ ಎಂದಿತು. ಒಂದು ಪದದ ಅರ್ಥ ಬಿಡಿಸಿದ್ದಕ್ಕೆ ಮುದುಕಿಯಾಗುವ ಹೊತ್ತಿಗೆ ಕೈಗೆ ನಾಲ್ಕು ಕಾಸು ಬರುವ ಹಾಗಾಯಿತು. ಈಗ ಹೇಳಿ, ಪದಕ್ಕೆ ಬೆಲೆಯಿದೆಯೋ ಇಲ್ಲವೋ?

ಆಶಾಗಳೂ ಕಾರ್ಮಿಕರೇ, ಕನಿಷ್ಠ ವೇತನ ಕೊಡಿ ಎಂದು 2013ರಲ್ಲೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು. ಆ ಶಿಫಾರಸು ಈಗಲೂ ಶಿಫಾರಸಾಗಿಯೇ ಇದೆ.

ಇನ್ನು ನಮ್ಮ ಮುಖದ ಕನ್ನಡಿ.

ನನ್ನ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋಯಿತು, ಮಾತು ತೊದಲಿತು. ಊರಿನಿಂದ ಬೆಂಗಳೂರಿನ ಬಾಡಿಗೆ ಮನೆಗೆ ತಂದಿಟ್ಟುಕೊಂಡೆ. ನಾನೂ ನನ್ನ ಹೆಂಡತಿಯೂ ಇಬ್ಬರೂ ದುಡಿಯಲೇಬೇಕಾದವರು. ಒಂದು ಏಜೆನ್ಸಿಗೆ ಫೋನು ಮಾಡಿದೆವು. ಮೊದಲು ಬಂದ ಹುಡುಗಿ ದೂರದ ರಾಜ್ಯದವಳು. ಕನ್ನಡ ಬಾರದು. ಅದು ಅವಳ ತಪ್ಪಲ್ಲ, ಹೊಟ್ಟೆಪಾಡಿಗೆ ಸಾವಿರ ಮೈಲಿ ಬಂದ ಕೂಸು ಅದು. ಆದರೆ ನನ್ನ ಅವ್ವನಿಗೆ ಉಳಿದದ್ದೇ ಹತ್ತು ಹದಿನೈದು ಮಾತು, ಅದೂ ನಮ್ಮ ಕೊಳ್ಳೇಗಾಲದ ಮಾತು. ‘ಒಂದಕ್ಕೆ’ ಎಂದರೆ ಆ ಹುಡುಗಿಗೆ ತಿಳಿಯದು. ಅವ್ವ ಹಾಸಿಗೆಯಲ್ಲೇ ಮಾಡಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಿದ್ದಳು. ಕನ್ನಡ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಈಗ ನಾನು ಪಂಪ, ಬಸವಣ್ಣ ಎನ್ನುವುದಿಲ್ಲ. ಗೋಡೆಯ ಕಡೆ ತಿರುಗಿದ ಆ ಮುಖ ನೆನಪಾಗುತ್ತದೆ.

ಏಜೆನ್ಸಿಗೆ ಜಗಳ ಮಾಡಿದ ಮೇಲೆ ಇನ್ನೊಬ್ಬಾಕೆಯನ್ನು ಕಳಿಸಿದರು. ಬ್ಯಾಗು ಮೂಲೆಗಿಟ್ಟು, ಅವ್ವನ ಹಣೆ ಮುಟ್ಟಿ, “ಅವ್ವೋ, ಯಾವೂರು ಕನವ್ವ ನಿಮ್ದು?” ಅಂದಳು. ಹನೂರಿನಿಂದ ಆಚೆಯವಳು. ಅವ್ವ ಆ ದಿನ ಎರಡು ತುತ್ತು ಹೆಚ್ಚು ಉಂಡಳು.

ಆ ಅಕ್ಕನ ಕೆಲಸ ಹೇಳುತ್ತೇನೆ. ಲಕ್ವ ಹೊಡೆದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹಾಸಿಗೆ ಹುಣ್ಣು. ಅಂದರೆ ರಾತ್ರಿ ಆಕೆಗೆ ಎರಡು ಗಂಟೆಗಿಂತ ಹೆಚ್ಚು ಒಂದೇ ಸಮನೆ ನಿದ್ದೆಯಿಲ್ಲ. ಗಂಜಿಯನ್ನು ಚಮಚದಲ್ಲಿ ಕುಡಿಸಬೇಕು, ಅವಸರ ಮಾಡಿದರೆ ಶ್ವಾಸಕ್ಕೆ ಹೋಗುತ್ತದೆ. ಮೈ ಒರೆಸಬೇಕು, ಮಲ ಮೂತ್ರ ತೆಗೆಯಬೇಕು, ಮಾತ್ರೆ ಕೊಡಬೇಕು, ಕೈಕಾಲು ಆಡಿಸಬೇಕು. ಇಷ್ಟರ ಮೇಲೆ ನಮ್ಮ ಮನೆಯ ಪಾತ್ರೆಯನ್ನೂ ತೊಳೆಯುತ್ತಿದ್ದಳು. ನಾವು ಹೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ದಿನ ಕೇಳಿದೆ, “ನಿನಗೆಷ್ಟು ಕೊಡ್ತಾರಕ್ಕ?” ನಾನು ಏಜೆನ್ಸಿಗೆ ಕಟ್ಟುತ್ತಿದ್ದದ್ದು 24,000. ಅವಳ ಕೈಗೆ ಬರುತ್ತಿದ್ದದ್ದು 15,000. ದಿನಕ್ಕೆ 24 ಗಂಟೆ, ತಿಂಗಳಿಗೆ 720 ಗಂಟೆ. ಗಂಟೆಗೆ 21 ರೂಪಾಯಿಯೂ ಬೀಳುವುದಿಲ್ಲ. ದರ್ಶಿನಿಯಲ್ಲಿ ನಿಂತು ಕುಡಿಯುವ ಒಂದು ಕಾಫಿಯ ದುಡ್ಡು. ವಾರಕ್ಕೊಂದು ರಜೆ? ಇಲ್ಲ. ಮಗನಿಗೆ ಜ್ವರ ಎಂದು ಊರಿಗೆ ಓಡಿದರೆ ಅಷ್ಟು ದಿನದ ದುಡ್ಡು ಕಟ್. ನಡುವೆ ಬಿಟ್ಟು ಹೋದರೆ ಒಂದು ತಿಂಗಳ ದುಡ್ಡೇ ಇಲ್ಲ. ಇದೆಲ್ಲ ಎಲ್ಲಿ ಬರೆದಿದೆ ಎಂದೆ. “ಅದೇನೋ ಇಂಗ್ಲೀಸ್ನಲ್ಲಿತ್ತು ಕನಣ್ಣ, ಸಯಿ ಹಾಕು ಅಂದ್ರು, ಹಾಕ್ದಿ” ಅಂದಳು. ನಾನು ಇಂಗ್ಲಿಷ್ ಓದಿದವನು. ನನಗೆ ಕೊಟ್ಟ ಕಾಗದಕ್ಕೂ ಓದದೆ ಸಹಿ ಹಾಕಿದ್ದೆ. ಅವಳಿಗೆ ಬಾರದೆ ಹಾಕಿದಳು, ನಾನು ಬಂದೂ ಹಾಕಿದೆ. ಇಬ್ಬರಲ್ಲಿ ದೊಡ್ಡ ದಡ್ಡ ಯಾರು?

ನಮ್ಮ ಕೊಳ್ಳೇಗಾಲದವರಿಗೆ ಈ ಕಥೆ ಹೊಸದಲ್ಲ. 1956ರ ನವೆಂಬರ್ 1ರವರೆಗೆ ಈ ತಾಲ್ಲೂಕು ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯದು. ಪಕ್ಕದ ಯಳಂದೂರು ಮೈಸೂರಿನದು. ಯಳಂದೂರಿನವನಿಗೆ ತನ್ನ ನುಡಿಯಲ್ಲಿ ಸಿಗುತ್ತಿದ್ದ ಕಾಗದಕ್ಕೆ ಕೊಳ್ಳೇಗಾಲದವನು ಬೇರೆಯವರ ಕಣ್ಣು ಸಾಲ ಕೇಳಬೇಕಿತ್ತು. ಏಕೀಕರಣವಾಯಿತು, 1963ರಲ್ಲಿ ಆಡಳಿತ ಭಾಷೆಯ ಕಾಯ್ದೆ ಬಂತು. ಆದರೆ ಹನೂರಿನ ಹೆಣ್ಣುಮಗಳ ಕೂಲಿಯ ಕಾಗದದಲ್ಲಿ ಏಕೀಕರಣ ಇನ್ನೂ ಆಗಿಲ್ಲ.

ಕಾನೂನೇ ಇಲ್ಲವೇ ಎಂದರೆ, ತುಂಡು ತುಂಡಾಗಿ ಇದೆ. ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕ ಒಂದು, 2004ರಲ್ಲಿ. ಆ ಕೂಲಿ ಸಿಗುತ್ತಿದೆಯೇ ಎಂದು ನೋಡಲು ಯಾವ ಇನ್‌ಸ್ಪೆಕ್ಟರು ನಿಮ್ಮ ಮನೆಯ ಬೆಲ್ಲು ಒತ್ತಿದ್ದಾನೆ? ಮನೆ ಎಂದರೆ ಮನೆ, ಅದು ಕೆಲಸದ ಜಾಗವಲ್ಲ ಎನ್ನುವುದು ಮಾಲೀಕರ ಹಳೆಯ ವಾದ. ಆ ವಾದವನ್ನು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಮುರಿದಿದೆ. ವಾಸದ ಮನೆಯೂ ಕೆಲಸದ ಸ್ಥಳವೇ ಎಂದು ಅದು ಹೇಳುತ್ತದೆ. ಮನೆಯಲ್ಲಿ ದುಡಿಯುವ ಹೆಣ್ಣು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಈ ಮಾತು ಎಷ್ಟು ಹೆಣ್ಣುಮಕ್ಕಳಿಗೆ ತಲುಪಿದೆ? 2011ರಲ್ಲಿ ಜಿನೀವಾದಲ್ಲಿ ಮನೆಗೆಲಸದವರ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಕೈ ಎತ್ತಿ ಮತ ಹಾಕಿತು. ಊರಿಗೆ ಬಂದು ಅನುಮೋದನೆಯ ಸಹಿ ಹಾಕಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇವರಿಗೊಂದು ಕಾನೂನಿನ ಚೌಕಟ್ಟು ಬೇಕೇ ಎಂದು ನೋಡಲು ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಅದೇ ವರ್ಷ ನಮ್ಮ ರಾಜ್ಯದ ಕಾರ್ಮಿಕ ಇಲಾಖೆ ಮನೆಗೆಲಸದವರ ಸಾಮಾಜಿಕ ಭದ್ರತೆಯ ಮಸೂದೆಯ ಕರಡು ತಂದಿತು. ನೋಂದಣಿ, ಲಿಖಿತ ಕರಾರು, ಮಾಲೀಕರಿಂದ ಕಲ್ಯಾಣ ಶುಲ್ಕ, ಎಲ್ಲ ಅದರಲ್ಲಿದೆ. ಒಳ್ಳೆಯದೇ. ಆ ಲಿಖಿತ ಕರಾರು ಯಾವ ನುಡಿಯಲ್ಲಿರಬೇಕು ಎನ್ನುವ ಪ್ರಶ್ನೆಯನ್ನು ಕೇಳಬೇಕಾದವರು ಯಾರು? ನಾವಲ್ಲದೆ ಇನ್ಯಾರು?

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ನಾನು ಶ್ರೀಮಂತನಲ್ಲ. 24,000 ಕೊಡುವುದಕ್ಕೇ ಸಾಲ ಮಾಡಿದ್ದೆ. ರಾತ್ರಿಗೊಬ್ಬರು ಹಗಲಿಗೊಬ್ಬರು ಎಂದು ಇಬ್ಬರನ್ನು ಇಟ್ಟುಕೊಳ್ಳುವ ಶಕ್ತಿ ನನಗಿಲ್ಲ, ನಿಮ್ಮಲ್ಲಿ ಬಹಳ ಜನಕ್ಕೂ ಇಲ್ಲ. ಹಾಗೆಂದು ನಮ್ಮ ಬಡತನದ ಬೆಲೆಯನ್ನು ನಮಗಿಂತ ಬಡವಳ ನಿದ್ದೆಯಿಂದ ವಸೂಲಿ ಮಾಡುವುದೇ? ಪಕ್ಕದ ಕೇರಳ 2008ರಲ್ಲೇ ಉಪಶಮನ ಆರೈಕೆಗೆ ನೀತಿ ಮಾಡಿ, ಪಂಚಾಯಿತಿಗಳ ಮೂಲಕವೇ ಹಾಸಿಗೆ ಹಿಡಿದವರ ಮನೆಗೆ ನರ್ಸುಗಳನ್ನು ಕಳಿಸುತ್ತಾ ಬಂದಿದೆ. ನಮ್ಮ ಪಂಚಾಯಿತಿಗೆ ಅದು ಯಾಕೆ ಆಗದು? ನಡುವೆ ನಿಂತು 9,000 ನುಂಗುವವನ ಬದಲು ತಾಲ್ಲೂಕಿನಲ್ಲೇ ಈ ಹೆಣ್ಣುಮಕ್ಕಳ ಒಂದು ಸಹಕಾರ ಸಂಘ ಯಾಕಾಗಬಾರದು? ಹಾಲಿಗೆ ಸೊಸೈಟಿ ಮಾಡಿದ ಜಿಲ್ಲೆ ನಮ್ಮದು.

ಇದು ಸೇವೆ, ಪುಣ್ಯದ ಕೆಲಸ, ದುಡ್ಡಿನಲ್ಲಿ ಅಳೆಯಬಾರದು ಎನ್ನುವ ಹಿರಿಯರು ಇದ್ದಾರೆ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರ ಹೆಸರು ಹೇಳುತ್ತಾರೆ. ಸಾವಿರಾರು ಹೆರಿಗೆ ಮಾಡಿಸಿ ಕಾಸು ಮುಟ್ಟದ ತಾಯಿ, 2018ರಲ್ಲಿ ಪದ್ಮಶ್ರೀ ಪಡೆದವರು. ಅವರಿಗೆ ಕೈ ಮುಗಿಯುತ್ತೇನೆ. ಆದರೆ ಅದು ಅವರು ತಾವಾಗಿ ಕೊಟ್ಟ ದಾನ. ದಾನ ಕೊಡುವವರು ಕೊಡಬೇಕು, ಕಿತ್ತುಕೊಂಡು ಅದನ್ನು ದಾನ ಎನ್ನಬಾರದು.

ಈಗ ನೀವು ಮಾಡಬೇಕಾದದ್ದು. ಆ ಮೇಜಿನ ಮೇಲೆ ಒಂದು ಪುಟದ ಕರಾರು ಪತ್ರ ಇದೆ, ಅಚ್ಚ ಕನ್ನಡದಲ್ಲಿ. ಕೆಲಸ ಇಂತಿಷ್ಟು, ಗಂಟೆ ಇಂತಿಷ್ಟು, ರಾತ್ರಿ ಎದ್ದರೆ ಹಗಲು ಇಂತಿಷ್ಟು ನಿದ್ದೆ, ವಾರಕ್ಕೊಂದು ರಜೆ, ಸಂಬಳ ಇಂತಿಷ್ಟು, ನೇರ ಅವಳ ಬ್ಯಾಂಕಿಗೆ, ಏಜೆನ್ಸಿಯ ಪಾಲು ಇಂತಿಷ್ಟು ಎಂದು ಇಬ್ಬರಿಗೂ ಕಾಣುವ ಹಾಗೆ. ನಾನೇ ಬರೆದದ್ದು, ವಕೀಲ ಗೆಳೆಯರೊಬ್ಬರು ತಿದ್ದಿದ್ದಾರೆ. ಅದರಲ್ಲಿ ‘ಗೌರವಧನ’ ಎನ್ನುವ ಪದ ಇಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ಓನರ್ ಮನೆಯಲ್ಲಿ, ಆಫೀಸಿನ ಗೆಳೆಯರ ಮನೆಯಲ್ಲಿ ಇಂಥ ಅಕ್ಕ ಇದ್ದರೆ ಅವಳಿಗೆ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿ. ಕನ್ನಡದಲ್ಲಿ ಕರಾರು ಕೊಡುವುದಿಲ್ಲ ಎನ್ನುವ ಏಜೆನ್ಸಿ ಇದ್ದರೆ ವಿಳಾಸ ನಮಗೆ ಕೊಡಿ, ಹತ್ತು ಜನ ಹೋಗಿ ಮರ್ಯಾದೆಯಾಗಿಯೇ ಕೇಳೋಣ. ಮುಂದಿನ ಸಲ ಆಶಾಗಳು ಫ್ರೀಡಂ ಪಾರ್ಕಿಗೆ ಬಂದರೆ ನಿಮ್ಮ ಹಳದಿ ಕೆಂಪು ಶಾಲು ಹಾಕಿಕೊಂಡೇ ಬನ್ನಿ. ಅವರ ಹಿಂದೆ ಕೂರಿ, ಮುಂದೆ ಬೇಡ.

ನನ್ನ ಅವ್ವ ಈಗಿಲ್ಲ. ಆ ಅಕ್ಕ ಈಗ ಬೆಂಗಳೂರಿನಲ್ಲಿ ಬೇರೆ ಮನೆಯಲ್ಲಿದ್ದಾಳೆ. ನಮ್ಮ ಮನೆಯಲ್ಲಿ ಕೊನೆಯ ಎಂಟು ತಿಂಗಳು ಏಜೆನ್ಸಿ ಬಿಟ್ಟು ನೇರವಾಗಿ ಪೂರ್ತಿ ದುಡ್ಡು ಕೊಟ್ಟೆವು. ಮೊದಲ ಮೂರು ತಿಂಗಳ ಬಾಕಿಯನ್ನು ನಾನು ಕೊಡಲಿಲ್ಲ, ಅವಳು ಕೇಳಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿರುವ ಇಬ್ಬರು ಅಕ್ಕಂದಿರು ರಾತ್ರಿ ಬಸ್ಸಿಗೆ ಕೆಲಸಕ್ಕೆ ಹೊರಡುವವರು. ಅವರಿಗೆ ಹೊತ್ತಾಗುತ್ತಿದೆ. ಹಾರ ತುರಾಯಿ ಆಮೇಲೆ ಇಟ್ಟುಕೊಳ್ಳೋಣ, ಮೊದಲು ಅವರು ಮಾತಾಡಲಿ. ತಗೊಳ್ಳಿ ಅಕ್ಕ, ಮೈಕು.